ಹದಿನಾಲ್ಕನೆಯ ದಿನದ ಕರೆ

ಕಿವಿಯ ಫೋನಿನಲ್ಲಿ ಸತ್ತವರ ದನಿ ಹದಿಮೂರು ದಿನ ಬರಬಹುದು, ಆಮೇಲೆ ಫೋನಿನ ಮೂಲ ತಂತ್ರಾಂಶವಾದ ಕರ್ನೆಲ್ ಅದನ್ನು ತಡೆಯಬೇಕು ಎಂಬುದು ಹೊಸ ನಿಯಮ. ಮನೆಯವರ ಕರೆಯನ್ನು ಎಂದೂ ತಡೆಯಬಾರದು ಎಂಬುದು ಹಳೆಯದು. ಎರಡೂ ಒಂದೇ ಕರೆಯ ಮೇಲೆ ಬಿದ್ದಾಗ ಹೊಸದೇ ಗೆಲ್ಲುತ್ತದೆಯೇ ಎಂದು ನೋಡುವುದು ಧಾರವಾಡದ ಇಂದುಮತಿಯ ಕೆಲಸ. ಪರೀಕ್ಷೆಗೆ ತಮ್ಮ ಮನೆಯ ನಂಬರನ್ನೇ ಕೊಡುವುದು ಆಫೀಸಿನ ರೂಢಿ. ಅವಳು ತಂಗಿ ಕಸ್ತೂರಿಯದನ್ನು ಕೊಟ್ಟಳು. ಕಸ್ತೂರಿ ತೀರಿಕೊಂಡು ಅಂದಿಗೆ ಹದಿನಾಲ್ಕು ದಿನ.

"ಅಕ್ಕಾ, ಊಟ ಆತೇನು?"

ತಡೆ ಬಿದ್ದಿರಲಿಲ್ಲ. ಆದರೆ ಮೂರು ಸಲ ನೋಡದೆ ತಪ್ಪು ಎಂದು ಬರೆಯುವಂತಿಲ್ಲ. ಎರಡನೆಯ ಸಲವೂ ತಂಗಿ ಮಾತಾಡಿದಳು. ಮೂರನೆಯದನ್ನು ಇಂದುಮತಿ ಸಂಜೆಯವರೆಗೆ ಎಳೆದಳು.

"ಪಾಸಾತು ಅಂತ ಬರದುಬಿಡ್ಲೇನ, ಕಸ್ತೂರಿ? ಹಿಂಗ ಮಾತಾಡ್ಕೋತ ಇರಬಹುದು."

"ಬ್ಯಾಡಕ್ಕಾ. ಬಾಜೂಮನಿ ನೀಲಾಬಾಯಿಗೆ ಸತ್ತ ಗಂಡ ಇನ್ನೂ ಬೈತಾನಂತಲ್ಲ. ಅಕಿಗರೆ ನಿದ್ದಿ ಹತ್ಲಿ."

ಇಂದುಮತಿ ಕಣ್ಣೊರೆಸಿಕೊಂಡು ತಪ್ಪನ್ನು ಇದ್ದ ಹಾಗೆ ಬರೆದಳು.

ರಿಪೇರಿಗೆ ಎರಡು ದಿನ ಹಿಡಿಯಿತು. ಮತ್ತೆ ಅದೇ ಪರೀಕ್ಷೆ, ಅದೇ ನಂಬರು. ಕಿವಿಯಲ್ಲಿ ಏನೂ ಕೇಳಿಸಲಿಲ್ಲ; ಪರೀಕ್ಷೆ ಪಾಸಾಯಿತು. ಪಾಸಾಗಲು ಒಂದು ಸಲ ಸಾಕು. ಆದರೂ ಇಂದುಮತಿ ಮೂರು ಸಲ ನೋಡಿದಳು.