ಮೂರನೆಯ ದನಿ

ಮಂಪರಿನಲ್ಲಿ ಮಲಗಿದ್ದ ಮಹಾರುದ್ರಪ್ಪನ ಹೃದಯ ಪರದೆಯ ಮೇಲೆ ಕಪ್ಪಗೇ ಇತ್ತು. ಹೆಂಡತಿ ನೀಲಾಂಬಿಕೆ ಕೂಗಿದ್ದಾಯಿತು, ಮಗಳು ಅತ್ತು ಕರೆದದ್ದೂ ಆಯಿತು. ಪರಿಚಿತ ದನಿಗೆ ಓಗೊಟ್ಟರೆ ಜೀವವಿರುವ ಸ್ನಾಯು ಹಸಿರಾಗಬೇಕಿತ್ತು; ಒಂದು ಎಳೆಯೂ ಆಗಲಿಲ್ಲ.

"ಮೂರು ದನಿಗಷ್ಟ ಅವಕಾಶ, ಇನ್ನೊಂದು ಉಳದೈತ್ರೀ," ಎಂದಳು ನರ್ಸ್, ದಿನವೂ ಹೇಳುವ ರಾಗದಲ್ಲಿ. "ಒಂದು ನಿಮಿಷ ಹಸಿರು ನಿಂತ್ರ ಬೈಪಾಸ್. ಇಲ್ಲಂದ್ರ ಮನಿಗೆ ಕರ್ಕೊಂಡು ಹೋಗ್ರಿ."

ನೀಲಾಂಬಿಕೆ ಹಲ್ಲು ಕಚ್ಚಿಕೊಂಡು ಮೈದುನ ಶಿವಪುತ್ರನನ್ನು ಕರೆಸಿದಳು. ಹಿಟ್ಟಿನ ಗಿರಣಿಯ ಪಾಲಿಗಾಗಿ ಅವನು ಮೂವತ್ತು ವರ್ಷ ಅಣ್ಣನ ಮೇಲೆ ಕೋರ್ಟಿನಲ್ಲಿ ದಾವೆ ನಡೆಸಿದ್ದ.

"ಏ ಕಳ್ಳಾ, ಇನ್ನೂ ಸತ್ತಿಲ್ಲೇನಲೇ?" ಎಂದ ಶಿವಪುತ್ರ.

ಹೃದಯ ಅಂಚಿನಿಂದ ಅಂಚಿಗೆ ಹಸಿರಾಯಿತು.

ನೀಲಾಂಬಿಕೆಗೆ ಮುಖಕ್ಕೆ ಹೊಡೆದಂತಾಯಿತು. ಆದರೂ ಕೈಮುಗಿದಳು. "ಬೈಯಪಾ, ಇನ್ನೂ ಬೈ. ನಿಮಿಷದ ಗಂಟಿ ಹೊಡಿಯೂಮಟಾ ನಿಲ್ಲಿಸಬ್ಯಾಡ."

ಶಿವಪುತ್ರ ಬೈದ. ಬೈಯುತ್ತಲೇ ಗಡಿಯಾರ ನೋಡಿದ. ಇನ್ನು ಹತ್ತು ಸೆಕೆಂಡು ಇತ್ತು. ಆಗ ಅಣ್ಣನ ಕಿವಿಗೆ ಬಾಗಿ, ಮೂವತ್ತು ವರ್ಷ ಆಡದಿದ್ದ ಮೆತ್ತನೆಯ ದನಿಯಲ್ಲಿ ಹೇಳಿದ: "ಅಣ್ಣಾ, ಗಿರಣಿ ನಿನಗ ಇರಲಿ. ನಾ ಎಲ್ಲಾ ಮರತೀನಿ."

ಹಸಿರು ಮಾಸತೊಡಗಿತು. ಪರದೆ ಪೂರ್ತಿ ಕಪ್ಪಾಗುವವರೆಗೆ ಶಿವಪುತ್ರ ಅಣ್ಣನ ತಲೆ ನೇವರಿಸುತ್ತಲೇ ಇದ್ದ.