ಹಂಡೆಯ ಮೇಲಿನ ಹೆಸರು

ಮಗನ ಎರಡನೇ ಮದುವೆ ನಿಶ್ಚಯವಾಗಿತ್ತು. ಹೊಸ ಸೊಸೆ ಕಾಲಿಡುವ ಮೊದಲು ಹಳೇ ಗುರುತೆಲ್ಲ ತೊಲಗಲಿ ಎಂದು ಆಕೆ ತಾಮ್ರದ ಹಂಡೆಯನ್ನು ಆಟೋದಲ್ಲಿ ಹಾಕಿಕೊಂಡು ಹಳೇ ಸಾಮಾನಿನ ಅಂಗಡಿಗೆ ಬಂದಳು. ದಿಕ್ಕಿಲ್ಲದ ಹುಡುಗ ಹುಡುಗಿಯರಿಗೆ ಕೆಲಸವನ್ನೂ ದುಡ್ಡಿನ ವ್ಯವಹಾರವನ್ನೂ ಕಲಿಸುವ ಅಂಗಡಿ ಅದು. ಕಲಿಯುವ ಮಕ್ಕಳಲ್ಲವೇ, ಸ್ವಲ್ಪ ದಬಾಯಿಸಿದರೆ ಕೇಳಿದಷ್ಟು ಕೊಟ್ಟಾರು ಎಂದುಕೊಂಡಿದ್ದಳು.

ಧೂಳು ಬೀಳದಂತೆ ಮುಖದ ತುಂಬ ವೇಲ್ ಸುತ್ತಿ, ಕಪ್ಪು ಕನ್ನಡಕ ಹಾಕಿಕೊಂಡು ಹಳೇ ಬಾಗಿಲು ಉಜ್ಜುತ್ತಿದ್ದ ಹುಡುಗಿ ಎದ್ದು ಬಂದು ಹಂಡೆಯ ಕಂಠದ ಮೇಲೆ ಬೆರಳಾಡಿಸಿದಳು.

"ಇದ್ರ ಮೇಲೆ ಯಾರದೋ ಹೆಸರು ಕೊರೆಸಿದೆ. ಅವರು ಒಪ್ಪದೆ ನಾವು ಕೊಳ್ಳಲ್ಲ. ಇಲ್ಲಿ ಮೊದಲು ಕಲಿಸೋದೇ ಅದು."

"ಬಿಟ್ಟುಹೋದ ಸೊಸೆ ಹೆಸರು ಕಣಮ್ಮ. ತವರಿನವರು ಕೊಟ್ಟಿದ್ದು."

"ಹಾಗಾದ್ರೆ ಅವರದ್ದೇ."

"ಅವಳೆಲ್ಲಿ ಬಂದು ಕೇಳ್ತಾಳೆ? ನಮ್ಮನೇಲಿ ಇದ್ದಷ್ಟು ದಿನ ತುಟಿ ಪಿಟಕ್ಕನ್ನಲಿಲ್ಲ. ಅವಳ ದನಿ ಹೇಗಿದೆ ಅಂತ್ಲೇ ನಂಗೊತ್ತಿಲ್ಲ!"

ಹುಡುಗಿ ಕನ್ನಡಕ ತೆಗೆದು ವೇಲ್ ಬಿಚ್ಚಿದಳು.

"ಹೀಗಿದೆ, ಅತ್ತೆ. ಹಂಡೆ ಇಲ್ಲೇ ಇರ್ಲಿ. ಹೋಗಿ ನನ್ನ ಹೆಸರಿರೋ ಮಿಕ್ಕ ಪಾತ್ರೆನೂ ತನ್ನಿ."