ಮಗ್ಗಗಳ ಸದ್ದಿನಲ್ಲಿ ಒಂದು ಭಾಷಣ

ಗುಮಾಸ್ತ ಮೂರನೆಯ ಹಾಳೆಗೆ ಬಂದಾಗ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ಹಾಳೆಯಲ್ಲಿ ನಗುವಂಥದ್ದೇನೂ ಇರಲಿಲ್ಲ.

ನೇಯ್ಗೆ ಗಿರಣಿಯ ಕಾರ್ಮಿಕ ಸಂಘಕ್ಕೆ ಅಧ್ಯಕ್ಷರನ್ನು ಆರಿಸುವ ಸಭೆ ಅದು. ಓಡುವ ಮಗ್ಗಗಳ ನಡುವೆಯೇ ನಡೆಯುತ್ತಿತ್ತು. ಅವುಗಳ ಅಬ್ಬರದಲ್ಲಿ ಎದುರಿನವರ ಕೂಗೂ ಕೇಳಿಸದು. ಆದ್ದರಿಂದ ಅಲ್ಲಿಯ ನೇಕಾರರು ತಲೆಮಾರುಗಳಿಂದ ಕೈಸನ್ನೆಯಲ್ಲೇ ಮಾತಾಡುತ್ತಾರೆ, ಜಗಳವಾಡುತ್ತಾರೆ. ಮದುವೆಯ ಮಾತುಕತೆಯನ್ನೂ ಹಾಗೆಯೇ ಮುಗಿಸಿದವರುಂಟು. ಮತ ಹಾಕುವುದೂ ಅದೇ ರೀತಿ: ತಮಗೆ ಬೇಕಾದವರತ್ತ, ಅವರು ಯಾರೇ ಆಗಿರಲಿ, ಬೆರಳು ಚಾಚಿದರಾಯಿತು.

ಉಗ್ರಾಣದ ಗುಮಾಸ್ತನಿಗೆ ಆ ಭಾಷೆ ಬಾರದು. ಹೆಂಡತಿ ಹುಟ್ಟಾ ಮಗ್ಗದವಳು. ಅವನು ತನ್ನ ಕಿವಿಗೆ ಬಾಯಿಟ್ಟು ಕೂಗಿದ್ದನ್ನು ವೇದಿಕೆಯ ಮೇಲೆ ಪಕ್ಕದಲ್ಲೇ ನಿಂತು ಸನ್ನೆಗೆ ತಿರುಗಿಸುವ ಕೆಲಸ ಅವಳದು. ಎದುರಾಳಿ ಅವಳ ಸ್ವಂತ ಅಣ್ಣ. ಎರಡು ಸಲ ಅವನ ಎದುರು ಸೋತಿದ್ದ ಗುಮಾಸ್ತ ಈ ಸಲವೂ ಸೋತರೆ, ಊಟಕ್ಕೆ ಕೂತಾಗ ಭಾವನ ಮುಖ ನೋಡುವಂತಿರಲಿಲ್ಲ.

“ಶ್ರಮಜೀವಿ ಮಹಾಜನರೇ! ನಾನು ಗೆದ್ದರೆ ನಿಮಗೆ ವಿಶ್ರಾಂತಿಯ ಸೌಕರ್ಯವನ್ನು ಕರುಣಿಸುವೆನು!”

ಅವಳು ಸೊಂಟ ಒತ್ತಿಕೊಂಡು ಮುಖ ಕಿವುಚಿದಳು. ಎರಡೂ ತೋಳು ಚಾಚಿ ಇಡೀ ಸಭೆಯನ್ನು ಬಳಸಿ ಎದೆಗೆ ಎಳೆದುಕೊಂಡಳು. ಗಾಳಿಯಲ್ಲೊಂದು ಸ್ಟೂಲು ಬರೆದು, ಅದರ ಮೇಲೆ ಕೂತಂತೆ ಮಾಡಿ, ಕೂತವರನ್ನು ಕಂಡ ಮೇಸ್ತ್ರಿಯ ಹಾಗೆ ಕಣ್ಣುಗುಡ್ಡೆ ಹೊರಳಿಸಿದಳು. ಜನ ಕಣ್ಣೊರೆಸಿಕೊಂಡು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವನು ಅವಳ ಅಣ್ಣ.

ಗುಮಾಸ್ತನಿಗೆ ಕಸಿವಿಸಿಯಾಯಿತು. “ಏನೇ, ನಿಮ್ಮಣ್ಣನ ಪರ ಪ್ರಚಾರ ಮಾಡ್ತಿದೀಯಾ?”

ಈಗ ಅವಳು ಅವನ ಕಿವಿಗೆ ಬಾಯಿಟ್ಟಳು. “ಅಣ್ಣನ ಸುದ್ದೀನೇ ಎತ್ತಿಲ್ಲ ಕಣ್ರೀ.”

“ಮತ್ತೆ ನನ್ನ ಸುದ್ದಿ?”

“ನಾಲ್ಕನೇ ಹಾಳೆ ಓದಿ, ಜನ ಕಾಯ್ತಿದಾರೆ.”

ಓದಿದ. ನಾನು, ನನ್ನಿಂದ, ನಾನೇ ಎಂದು ಗಂಟಲು ಹರಿಯುವಂತೆ ಕೂಗಿದ. ಪ್ರತಿ ಸಲವೂ ಅವಳ ತೋಳುಗಳು ಸಭೆಯನ್ನೆಲ್ಲ ಬಳಸಿ ಬಂದವು.

ಮತದ ಹೊತ್ತಾಯಿತು. ಮೊದಲು ಎದ್ದವನು ಅಣ್ಣನೇ. ಅವನ ಬೆರಳು ನೇರ ವೇದಿಕೆಯತ್ತ ಚಾಚಿತು! ಅದರ ಹಿಂದೆಯೇ ಇಡೀ ಗಿರಣಿಯ ಬೆರಳುಗಳು. ಗುಮಾಸ್ತನಿಗೆ ಕಣ್ಣು ತುಂಬಿ ಬಂತು. ಭಾವನ ದೊಡ್ಡ ಮನಸ್ಸನ್ನು ಮನಸಾರೆ ಕೊಂಡಾಡುತ್ತ, ಕೃತಜ್ಞತೆಯ ಹಾಳೆ ಬಿಡಿಸಿಕೊಂಡು, ಎದೆಯುಬ್ಬಿಸಿ ನಾಲ್ಕು ಹೆಜ್ಜೆ ಮುಂದೆ ಬಂದ.

ಬೆರಳುಗಳು ಅವನ ಜೊತೆ ಬರಲಿಲ್ಲ; ಹೆಂಡತಿ ನಿಂತಿದ್ದ ಕಡೆಯೇ ನಿಂತಿದ್ದವು.